ಮುದ್ರಾಭೇದವೂ ಪ್ರಜಾಪ್ರತಿನಿಧಿಯೂ: ಕ್ರಿ. ಶ. ೧೮೪೪ರ ಒಂದು ಮನವಿಪತ್ರದ ಚರಿತ್ರೆ

೧

ಅರಸನಿಗೆ ಚಾರರೇ ಕಣ್ಣುಗಳೆಂಬುದು ಭಾರತೀಯ ನೀತಿಶಾಸ್ತ್ರಕಾರರೆಲ್ಲರಿಗೂ ಸಮ್ಮತವಾದ ಮಾತು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಹಸ್ತಪ್ರತಿಯನ್ನು ಶೋಧಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಗೂಢಪುರುಷರ ವಿಚಾರವು ಬರುತ್ತದೆ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸರೆಂದು ವೇಷಭೇದದಿಂದ ಅವರನ್ನು ವಿಂಗಡಿಸಿ, ಯಾರು ಎಲ್ಲಿ ನೆಲಸಿ ಯಾವ ಸುದ್ದಿಯನ್ನು ತರಬೇಕೆಂಬುದನ್ನು ಆಚಾರ್ಯನು ನಿಯಮಿಸಿದ್ದಾನೆ. ವಿಶಾಖದತ್ತನ ಮುದ್ರಾರಾಕ್ಷಸದ ಕಥೆಯೆಲ್ಲವೂ ಒಂದು ಉಂಗುರದ ಮುದ್ರೆಯನ್ನೂ ಒಂದು ಓಲೆಯನ್ನೂ ಆಶ್ರಯಿಸಿ ನಿಂತಿರುವುದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವಾದುದೇ. ಐದನೆಯ ಅಂಕದಲ್ಲಿ ಸಿದ್ಧಾರ್ಥಕನ ಬಳಿ ದೊರೆತ ಓಲೆಯನ್ನು ಮುದ್ರೆಯು ಕೆಡದಂತೆ ತೆರೆದು ತೋರಿಸಬೇಕೆಂದು ಮಲಯಕೇತುವು ಭಾಗುರಾಯಣನಿಗೆ ಆಜ್ಞಾಪಿಸುತ್ತಾನೆ. ಕನ್ನಡದಲ್ಲಿ ಈ ಕಥೆಯನ್ನು ಕೆಂಪುನಾರಾಯಣನು ೧೮೨೩ರಲ್ಲಿ ಮುದ್ರಾಮಂಜೂಷವೆಂಬ ಹೆಸರಿನಿಂದ ಗದ್ಯರೂಪಕ್ಕೆ ತಂದನು. ಪರರ ಓಲೆಯನ್ನು ಓದುವುದೂ, ಓದಿದ ಗುರುತು ಕಾಣದಂತೆ ಮುಚ್ಚುವುದೂ ರಾಜ್ಯತಂತ್ರದ ಹಳೆಯ ವಿದ್ಯೆಗಳೆಂಬುದಕ್ಕೆ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಇದು ಗ್ರಂಥಗಳಲ್ಲಿ ಮಾತ್ರ ಉಳಿದ ವಿಷಯವೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಏರ್ಪಟ್ಟ ಅಂಚೆಯ ವ್ಯವಸ್ಥೆಯನ್ನು ವರ್ಣಿಸುತ್ತ ಇತಿಹಾಸಕಾರನಾದ ಮಾರ್ಕ್ ವಿಲ್ಕ್ಸನು, ಆ ಅಂಚೆಯು ಸುದ್ದಿಯನ್ನು ಒಯ್ಯುವ ಸಾಧನವಾಗಿದ್ದಂತೆಯೇ ಸುದ್ದಿಯನ್ನು ಸಂಗ್ರಹಿಸುವ ಸಾಧನವೂ ಆಗಿದ್ದಿತೆಂದು ಬರೆದಿದ್ದಾನೆ. ಅಂಚೆಯ ಅಧಿಕಾರಿಗಳು ಆಸ್ಥಾನಕ್ಕೆ ಅಂತರಂಗದ ವರದಿಗಾರರಾಗಿದ್ದರೆಂದೂ, ಈ ಕ್ರಮವು ಹೈದರಲಿಯ ಕಾಲದಲ್ಲಿ ಇನ್ನಷ್ಟು ಪರಿಪಕ್ವವಾಯಿತೆಂದೂ ಅವನ ಅಭಿಪ್ರಾಯ. ಆ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಟಪ್ಪಾಲಿನೊಡನೆ ಸೇರಿಹೋಯಿತು.

ಶಾಸ್ತ್ರದಲ್ಲಿಯಾಗಲಿ ನಾಟಕದಲ್ಲಿಯಾಗಲಿ ಹಳೆಯ ಆಡಳಿತದಲ್ಲಿಯಾಗಲಿ ಒಂದು ಪ್ರಶ್ನೆಯು ಮಾತ್ರ ಏಳುವುದಿಲ್ಲ. ಓಲೆಯನ್ನು ಬರೆದವನು ಅರಸನ ಎದುರು ನಿಂತು, "ನನ್ನ ಮುದ್ರೆಯನ್ನು ಯಾವ ಅಧಿಕಾರದಿಂದ ಒಡೆದಿರಿ?" ಎಂದು ಕೇಳುವ ಸನ್ನಿವೇಶವು ಅಲ್ಲಿಲ್ಲ. ಕೇಳುವುದಕ್ಕೆ ಒಂದು ಸ್ಥಾನವೂ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿಯೂ ಇರಬೇಕಾಗುತ್ತದೆ. ಈ ಪ್ರಶ್ನೆಯನ್ನು ಸಾಮಾನ್ಯರು ತಮ್ಮ ಹೆಸರು ಹಾಕಿ ಪ್ರಜಾಪ್ರತಿನಿಧಿಯ ಮೂಲಕ ಮಂತ್ರಿಯ ಮುಂದಿರಿಸಿದ ಪ್ರಸಂಗಗಳಲ್ಲಿ ಬಹು ಪ್ರಸಿದ್ಧವಾದುದು ೧೮೪೪ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಆ ಪ್ರಸಂಗದಿಂದ ಏನು ಸಾಧಿಸಿತು, ಏನು ಸಾಧಿಸಲಿಲ್ಲ ಎಂಬುದನ್ನು ವಿಚಾರಿಸುವುದು ಪ್ರಕೃತ ವಿಷಯ.

೨

ಇಂಗ್ಲೆಂಡಿನಲ್ಲಿ ಟಪ್ಪಾಲು ಹುಟ್ಟಿದಂದಿನಿಂದಲೂ ಕಾಗದಗಳನ್ನು ತೆರೆದು ನೋಡುವ ಪದ್ಧತಿಯು ಅದರ ಜೊತೆಯಲ್ಲಿಯೇ ಬೆಳೆಯಿತು. ಕ್ರೋಮ್‌ವೆಲ್ಲನ ಆಳಿಕೆಯಲ್ಲಿ ೧೬೫೭ರಲ್ಲಿ ಆದ ಟಪ್ಪಾಲಿನ ಶಾಸನವು, ರಾಜ್ಯಕ್ಕೆ ಅಪಾಯಕರವಾದ ದುರಾಲೋಚನೆಗಳನ್ನು ಕಂಡುಹಿಡಿದು ತಡೆಯುವುದಕ್ಕೆ ಟಪ್ಪಾಲು ಉತ್ತಮವಾದ ಸಾಧನವೆಂದು ತನ್ನ ಪೀಠಿಕೆಯಲ್ಲಿಯೇ ಹೇಳಿಕೊಂಡಿತು. ಆನ್ ರಾಣಿಯ ಕಾಲದ ೧೭೧೧ರ ಕಾಯಿದೆಯು ಮಾತನ್ನು ತಿರುಗಿಸಿ ಹೇಳಿತು. ಯಾರೂ ಪರರ ಕಾಗದವನ್ನು ತೆರೆಯಕೂಡದು. ಆದರೆ ರಾಜ್ಯದ ಪ್ರಧಾನ ಕಾರ್ಯದರ್ಶಿಗಳಲ್ಲೊಬ್ಬನು ಸ್ವಹಸ್ತದಿಂದ ಬರೆದುಕೊಟ್ಟ ವಾರಂಟು ಇದ್ದರೆ ತೆರೆಯಬಹುದು. ೧೮೩೭ರ ಟಪ್ಪಾಲಿನ ಕಾಯಿದೆಯೂ ಇದನ್ನೇ ಅನುಸರಿಸಿತು. ನಿಷೇಧವು ಪ್ರಜೆಗಳೆಲ್ಲರಿಗೂ ಕಾಣುವಂತಿತ್ತು; ಅದಕ್ಕೆ ಅಪವಾದವಾದ ಅಧಿಕಾರವನ್ನು ಮಂತ್ರಿಯು ತನ್ನ ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ನಡೆಸುತ್ತಿದ್ದನು.

ಈ ಅಧಿಕಾರವನ್ನು ಆಶ್ರಯಿಸಿ ಟಪ್ಪಾಲು ಕಚೇರಿಯೊಳಗೆ ಒಂದು ಗುಪ್ತಶಾಖೆಯೂ, ಗೂಢಲಿಪಿಗಳನ್ನು ಬಿಡಿಸಿ ಓದುವ ಇನ್ನೊಂದು ಶಾಖೆಯೂ ಇದ್ದುವು. ಎರಡನೆಯದರ ಕೆಲಸವು ವಿಲ್ಲೆಸ್ ಎಂಬ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದಂತಿತ್ತು. ಆ ಮನೆತನದ ಎಡ್ವರ್ಡ್ ವಿಲ್ಲೆಸನು ಪಾದ್ರಿಯಾಗಿದ್ದು ಮುಂದೆ ಬಿಷಪ್ ಪದವಿಗೇರಿದ ಮೇಲೂ ಗೂಢಲಿಪಿಯ ಉದ್ಯೋಗವನ್ನು ಬಿಡಲಿಲ್ಲ. ೧೭೨೩ರಲ್ಲಿ ಬಿಷಪ್ ಆಟರ್‌ಬರಿಯ ಮೇಲೆ ರಾಜದ್ರೋಹದ ವಿಚಾರಣೆಯು ಲಾರ್ಡ್ಸ್ ಸಭೆಯಲ್ಲಿ ನಡೆದಾಗ ತೆರೆದ ಕಾಗದಗಳೇ ಸಾಕ್ಷ್ಯವಾದುವು. ಲಿಪಿಯನ್ನು ಬಿಡಿಸಿದ ಬಗೆ ಹೇಗೆಂದು ಆಪಾದಿತನು ವಿಲ್ಲೆಸನನ್ನು ಕೇಳಲೆಳಸಿದಾಗ, ಆ ವಿದ್ಯೆಯು ಬಯಲಾಗುವಂಥ ಪ್ರಶ್ನೆಗಳನ್ನು ಕೇಳಕೂಡದೆಂದು ಸಭೆಯೇ ನಿರ್ಣಯಿಸಿತು.

ಪ್ರತಿನಿಧಿಗಳು ಈ ವಿಷಯದಲ್ಲಿ ಬಹುಕಾಲ ಮೌನವಾಗಿಯೇ ಇದ್ದರು. ೧೭೩೫ರಲ್ಲಿ ಒಮ್ಮೆ ಕಾಮನ್ಸ್ ಸಭೆಯು ಎಚ್ಚತ್ತುಕೊಂಡಿತು. ತಮ್ಮ ಕಾಗದಗಳೇ ಟಪ್ಪಾಲಿನಲ್ಲಿ ತೆರೆಯಲ್ಪಡುತ್ತಿವೆಯೆಂದು ಸದಸ್ಯರು ದೂರಿದರು. ವಾರಂಟಿಲ್ಲದೆ ಸದಸ್ಯರ ಕಾಗದವನ್ನು ತೆರೆಯುವುದು ಸಭೆಯ ಹಕ್ಕಿಗೆ ಚ್ಯುತಿಯೆಂದು ನಿರ್ಣಯವಾಯಿತು. ಅಲ್ಲಿ ರಕ್ಷಣೆ ದೊರೆತದ್ದು ಪ್ರತಿನಿಧಿಗಳ ಕಾಗದಕ್ಕೆ. ಅವರನ್ನು ಕಳುಹಿಸಿದ ಪ್ರಜೆಗಳ ಕಾಗದದ ಮಾತು ಬರಲಿಲ್ಲ. ಅದು ಬರುವುದಕ್ಕೆ ಇನ್ನೂ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಈ ನಡುವೆ ಟಪ್ಪಾಲಿನ ಸ್ವರೂಪವೇ ಬದಲಾಯಿತು. ೧೮೪೦ರ ಜನವರಿಯಲ್ಲಿ ದೇಶದೊಳಗೆ ಎಷ್ಟು ದೂರಕ್ಕಾದರೂ ಒಂದು ಪೆನ್ನಿಯ ಸಮಾನ ದರವು ಜಾರಿಗೆ ಬಂದಿತು. ೧೮೩೯ರಲ್ಲಿ ಸುಮಾರು ೭ ಕೋಟಿ ೬೦ ಲಕ್ಷವಾಗಿದ್ದ ಕಾಗದಗಳ ಸಂಖ್ಯೆಯು ಮರುವರ್ಷವೇ ಸುಮಾರು ೧೬ ಕೋಟಿ ೯೦ ಲಕ್ಷಕ್ಕೇರಿತು. ಶ್ರೀಮಂತರದೂ ವರ್ತಕರದೂ ಆಗಿದ್ದ ಟಪ್ಪಾಲು ಕೂಲಿಯವನ ಮನೆಗೂ ಬಂದಿತು. ದೂರದಲ್ಲಿರುವ ಮಗನಿಗೆ ತಾಯಿಯು ಕಾಗದ ಹಾಕಿಸುವ ಕಾಲದಲ್ಲಿ ಮುದ್ರೆಯ ಮಾತು ರಾಯಭಾರಿಗಳ ಮಾತಾಗಿ ಮಾತ್ರ ಉಳಿಯುವಂತಿರಲಿಲ್ಲ.

೩

ಜೋಸೆಫ್ ಮ್ಯಾಜಿನಿಯು ೧೮೦೫ರಲ್ಲಿ ಜಿನೋವಾ ಪಟ್ಟಣದಲ್ಲಿ ಹುಟ್ಟಿದವನು. ಆಗ ಇಟಲಿಯೆಂಬುದು ಒಂದು ರಾಜ್ಯವಾಗಿರಲಿಲ್ಲ. ಹಲವು ಅರಸುಗಳಾಗಿ ಹರಿದುಹೋಗಿದ್ದಿತು, ಉತ್ತರಭಾಗವು ಆಸ್ಟ್ರಿಯಾದ ಕೈಯಲ್ಲಿದ್ದಿತು. ಅದನ್ನು ಒಂದು ಪ್ರಜಾರಾಜ್ಯವನ್ನಾಗಿ ಮಾಡಬೇಕೆಂದು ಮ್ಯಾಜಿನಿಯು ೧೮೩೧ರಲ್ಲಿ 'ತರುಣ ಇಟಲಿ' ಎಂಬ ಸಂಘವನ್ನು ಸ್ಥಾಪಿಸಿದನು. ದೇಶಭ್ರಷ್ಟನಾಗಿ ಅಲೆದು ೧೮೩೭ರಲ್ಲಿ ಲಂಡನ್ನಿಗೆ ಬಂದು ಸೇರಿದನು. ಬಡತನದಲ್ಲಿಯೇ ಬದುಕುತ್ತ, ಬೀದಿಯಲ್ಲಿ ವಾದ್ಯ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಇಟಲಿಯ ಹುಡುಗರಿಗಾಗಿ ೧೮೪೧ರಲ್ಲಿ ಒಂದು ಉಚಿತ ಪಾಠಶಾಲೆಯನ್ನು ತೆರೆದನು. ಮುಂದೆ ಭಾರತದಲ್ಲಿಯೂ ಸುರೇಂದ್ರನಾಥ ಬ್ಯಾನರ್ಜಿಯವರು ಇವನ ಚರಿತ್ರೆಯನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ಲಾಲಾ ಲಜಪತರಾಯರು ಉರ್ದುವಿನಲ್ಲಿ ಇವನ ಜೀವನಚರಿತ್ರೆಯನ್ನು ಬರೆದರು.

೧೮೪೪ರ ವಸಂತದಲ್ಲಿ ಮ್ಯಾಜಿನಿಗೆ ಬರುವ ಕಾಗದಗಳು ಹೊತ್ತು ಮೀರಿ ಬರತೊಡಗಿದುವು. ಮೇಲಿನ ಠಸ್ಸೆಗಳನ್ನು ನೋಡಿದರೆ ಒಂದರ ಮೇಲೊಂದು ಒತ್ತಿದಂತೆ ಕಂಡುವು. ಮೊದಲಿನ ವೇಳೆಯನ್ನು ಮರೆಸಿ ತಡವಾದ ವೇಳೆಯನ್ನು ತೋರಿಸುವ ಉಪಾಯವದೆಂದು ಆತನಿಗೆ ಸಂದೇಹ ಬಂದಿತು. ಸಂದೇಹದಿಂದ ಯಾವುದೂ ಸಾಧಿಸದೆಂದು ಅರಿತು ಅವನೂ ಅವನ ಮಿತ್ರರೂ ಪರೀಕ್ಷೆಗೆ ತೊಡಗಿದರು. ಲಕೋಟೆಗಳಲ್ಲಿ ಗಸಗಸೆಯ ಕಾಳುಗಳನ್ನೂ, ಕೂದಲೆಳೆಗಳನ್ನೂ, ಮರಳಿನ ಕಣಗಳನ್ನೂ ಇಟ್ಟು ಮುದ್ರೆ ಹಾಕಿ, ಸಾಕ್ಷಿಗಳ ಎದುರಿನಲ್ಲಿ ಟಪ್ಪಾಲಿಗೆ ಹಾಕಿದರು. ಕಾಗದಗಳು ಬಂದು ಮುಟ್ಟಿದಾಗ ಮುದ್ರೆಯು ಇದ್ದಂತೆ ತೋರುತ್ತಿತ್ತು. ಒಳಗೆ ಕಾಳೂ ಇಲ್ಲ, ಕೂದಲೂ ಇಲ್ಲ. ಮಲಯಕೇತುವು ಬಯಸಿದ ಕೌಶಲವನ್ನು ಲಂಡನ್ನಿನ ಟಪ್ಪಾಲು ಕಚೇರಿಯವರು ಬಲ್ಲವರಾಗಿದ್ದರು. ಆದರೆ ಗಸಗಸೆಯ ಕಾಳನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅನುಪಲಬ್ಧಿಯಿಂದ ಅಭಾವವನ್ನೂ, ಅಭಾವದಿಂದ ಕರ್ತೃವನ್ನೂ ನಿಶ್ಚಯಿಸಿದ ಕ್ರಮ. ಮುಂದಿನ ಕಾರ್ಯಕ್ಕೆಲ್ಲ ಇದೇ ಬುನಾದಿಯಾಯಿತು.

೪

ಈ ಪ್ರಮಾಣವನ್ನು ಹಿಡಿದುಕೊಂಡು ಅವರು ನ್ಯಾಯಸ್ಥಾನಕ್ಕೆ ಹೋಗಲಿಲ್ಲ. ಹೋಗಿದ್ದರೂ ವಾರಂಟಿನ ಕಾಯಿದೆಯು ಅಡ್ಡ ಬರುತ್ತಿತ್ತು. ಅವರು ಹೋದದ್ದು ಪ್ರಜಾಪ್ರತಿನಿಧಿಯ ಬಳಿಗೆ. ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದ ಸದಸ್ಯನಾದ ಥಾಮಸ್ ಸ್ಲಿಂಗ್ಸ್‌ಬಿ ಡಂಕಂಬನು ಶ್ರೀಮಂತಕುಲದಲ್ಲಿ ಹುಟ್ಟಿ, ಉಡುಪಿನ ಸೊಗಸಿಗೆ ಸಭೆಯಲ್ಲಿ ಹೆಸರಾಗಿದ್ದವನು. ಆದರೂ ಬಡವರ ಪಕ್ಷವನ್ನು ಬಿಡದೆ ವಹಿಸುತ್ತಿದ್ದವನು. ಕೆಲಸಗಾರರಿಗೆ ಮತಾಧಿಕಾರವನ್ನು ಕೇಳಿ ಚಾರ್ಟಿಸ್ಟರು ೧೮೪೨ರಲ್ಲಿ ಒಪ್ಪಿಸಿದ, ೩೩ ಲಕ್ಷಕ್ಕೂ ಮೀರಿದ ಸಹಿಗಳುಳ್ಳದ್ದೆಂದು ಹೇಳಲಾದ ಮಹಾಮನವಿಯನ್ನು ಸಭೆಗೆ ತಂದವನೂ ಇವನೇ.

೧೮೪೪ರ ಜೂನ್ ೧೪ರಂದು ಡಂಕಂಬನು ಕಾಮನ್ಸ್ ಸಭೆಯಲ್ಲಿ ಒಂದು ಮನವಿಪತ್ರವನ್ನು ಒಪ್ಪಿಸಿದನು. ೩೩ ಲಕ್ಷ ಸಹಿಗಳ ಸ್ಥಾನದಲ್ಲಿ ಈ ಸಲ ನಾಲ್ಕೇ ಸಹಿಗಳಿದ್ದುವು: ಸೆರಫಿನೋ ಕಾಲ್ಡೆರಾರಾ, ಜೋಸೆಫ್ ಮ್ಯಾಜಿನಿ, ವಿಲಿಯಂ ಲವೆಟ್, ವಿಲಿಯಂ ಜೇಮ್ಸ್ ಲಿಂಟನ್. ಲವೆಟ್ಟನು ಮರಗೆಲಸದವನು, ೧೮೩೮ರ ಪ್ರಜಾಸನದನ್ನು ರಚಿಸಿದವರಲ್ಲಿ ಮುಖ್ಯನು, ಅದಕ್ಕಾಗಿ ನಡೆಸಿದ ಚಳವಳಿಯಲ್ಲಿ ಸೆರೆಮನೆಯನ್ನು ಕಂಡುಬಂದವನು. ಲಿಂಟನ್ನನು ಮರದಚ್ಚುಗಳನ್ನು ಕೆತ್ತುವ ಶಿಲ್ಪಿ. ಮ್ಯಾಜಿನಿಯಂತೂ ಪರದೇಶಿ, ಫಿನ್ಸ್‌ಬರಿಯಲ್ಲಾಗಲಿ ಮತ್ತೆಲ್ಲಿಯಾಗಲಿ ಅವನಿಗೆ ಮತವಿರಲಿಲ್ಲ. ಮತ ಕೊಡಲಾರದವನ ಮಾತನ್ನೂ ಸಭೆಗೆ ಮುಟ್ಟಿಸುವುದು ತನ್ನ ಧರ್ಮವೆಂದು ಡಂಕಂಬನು ತಿಳಿದನೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ೧೭೩೫ರಲ್ಲಿ ಸದಸ್ಯರು ತಮ್ಮ ಕಾಗದಗಳಿಗಾಗಿ ಮಾತ್ರ ದೂರಿದ್ದನ್ನು ಇದರೊಡನೆ ಹೋಲಿಸಿದರೆ ಪ್ರತಿನಿಧಿಯೆಂಬ ಪದದ ಅರ್ಥವು ಆ ನಡುವೆ ಎಷ್ಟು ವಿಸ್ತಾರವಾಯಿತೆಂಬುದು ತಿಳಿಯುತ್ತದೆ.

ಮನವಿಯ ಸಾರವು ಸರಳವಾದುದು. ತಮ್ಮ ಕಾಗದಗಳು ಟಪ್ಪಾಲಿನಲ್ಲಿ ತೆರೆಯಲ್ಪಟ್ಟಿವೆ, ಇದು ಪರರಾಜ್ಯಗಳ ಗೂಢಚಾರ ಪದ್ಧತಿಯನ್ನು ಇಂಗ್ಲೆಂಡಿಗೆ ತಂದಂತೆ, ರಾಜ್ಯಾಂಗದ ತತ್ತ್ವಕ್ಕೆ ಇದು ವಿರುದ್ಧ, ವ್ಯಾಪಾರವೇ ಜೀವಾಳವಾದ ದೇಶದಲ್ಲಿ ಜನರ ನಂಬಿಕೆಗೆ ಕುಂದು, ಆದುದರಿಂದ ವಿಚಾರಣೆಯಾಗಬೇಕು. ಮನವಿಯಲ್ಲಿ ಬೈಗುಳವಿಲ್ಲ, ಇಡೀ ಸರ್ಕಾರವನ್ನು ಕಿತ್ತೊಗೆಯಬೇಕೆಂಬ ಮಾತಿಲ್ಲ.

ಗೃಹಮಂತ್ರಿಯಾದ ಸರ್ ಜೇಮ್ಸ್ ಗ್ರಹಾಂ ಎದ್ದು, ತೆರೆಯುವ ಅಧಿಕಾರವು ಕಾಯಿದೆಯಿಂದಲೇ ಬಂದುದೆಂದೂ, ವಾರಂಟು ಹೊರಟದ್ದುಂಟೆಂದೂ ಒಪ್ಪಿಕೊಂಡನು. ಅದಕ್ಕಿಂತ ಹೆಚ್ಚಿಗೆ ಹೇಳುವುದು ತನ್ನ ಕರ್ತವ್ಯಕ್ಕೆ ವಿರೋಧವೆಂದು ಕುಳಿತನು. ಕಾಯಿದೆಯುಂಟೆಂಬುದನ್ನು ಬಲ್ಲವರು ಬಲ್ಲರು. ಆದರೆ ಆ ಕಾಯಿದೆಯು ಬದುಕಿದೆ, ಇಂದಿಗೂ ನಡೆಯುತ್ತಿದೆ ಎಂಬುದನ್ನು ಬಹುಮಂದಿ ಇಂಗ್ಲಿಷರು ಅಂದೇ ಕೇಳಿದರು.

ಜೂನ್ ೧೯ರ 'ಟೈಮ್ಸ್' ಪತ್ರಿಕೆಯಲ್ಲಿ ತಾಮಸ್ ಕಾರ್ಲೈಲನ ಕಾಗದವು ಪ್ರಕಟವಾಯಿತು. ಮ್ಯಾಜಿನಿಯ ಶೀಲಕ್ಕೆ ತಾನು ಸಾಕ್ಷಿಯೆಂದೂ, ಮುಚ್ಚಿದ ಕಾಗದವನ್ನು ತೆರೆಯುವುದು ಜೇಬುಗಳ್ಳತನಕ್ಕೆ ಸಮಾನವೆಂದೂ ಆತನು ಬರೆದನು. ಮ್ಯಾಜಿನಿಯ ರಾಜಕೀಯ ಮತಗಳನ್ನು ಕಾರ್ಲೈಲನು ಒಪ್ಪಿದವನಲ್ಲ. ಆದುದರಿಂದಲೇ ಅವನ ಸಾಕ್ಷ್ಯಕ್ಕೆ ತೂಕ ಬಂದಿತು. 'ಪಂಚ್' ಎಂಬ ವಿನೋದಪತ್ರಿಕೆಯು ಗ್ರಹಾಮನನ್ನು ಹಾಸ್ಯ ಮಾಡುವ ಲಕೋಟೆಯ ಚಿತ್ರವನ್ನು ಅಚ್ಚುಹಾಕಿತು. ಮಂತ್ರಿಯ ಹೆಸರೇ ಕ್ರಿಯಾಪದವಾಯಿತು. ಕಾಗದದ ಮೇಲೆ ಜನರು ಇದನ್ನು 'ಗ್ರಹಾಮಿಸ'ಕೂಡದೆಂದು ಬರೆಯತೊಡಗಿದರು.

ಜೂನ್ ೨೪ರಂದು ಡಂಕಂಬನು ವಿಚಾರಣಾಸಮಿತಿಯನ್ನು ಕೋರಿ ಸೂಚನೆಯನ್ನು ತಂದನು. ಅಂದಿನ ಚರ್ಚೆಯಲ್ಲಿ ಮೆಕಾಲೆಯೂ ಮಾತನಾಡಿದನು. ಭಾರತದಲ್ಲಿ ಕಾನೂನು ಸದಸ್ಯನಾಗಿದ್ದಾಗ ೧೮೩೫ರ ಮುದ್ರಣಸ್ವಾತಂತ್ರ್ಯದ ಕಾಯಿದೆಯನ್ನು ರಚಿಸಿದವನೀತನು. ಟಪ್ಪಾಲಿನಲ್ಲಿರುವ ಕಾಗದವನ್ನು ತೆಗೆದು ಓದುವುದಕ್ಕೂ ಮನೆಯ ಮೇಜಿನಲ್ಲಿರುವ ಕಾಗದವನ್ನು ತೆಗೆದು ಓದುವುದಕ್ಕೂ ಭೇದವೇನೆಂಬುದು ಅವನ ವಾದದ ತಿರುಳು. ಮನೆಯನ್ನು ಶೋಧಿಸಿದರೆ ಯಜಮಾನನಿಗೆ ತಿಳಿಯುತ್ತದೆ, ತಿಳಿದವನು ಪ್ರತಿಭಟಿಸಬಲ್ಲನು. ಟಪ್ಪಾಲಿನಲ್ಲಿ ಶೋಧಿಸಿದರೆ ಅನ್ಯಾಯಕ್ಕೊಳಗಾದವನಿಗೆ ಅನ್ಯಾಯವಾಯಿತೆಂಬುದೇ ತಿಳಿಯದು. ಆದರೂ ಮತಗಳನ್ನು ಎಣಿಸಿದಾಗ ಡಂಕಂಬನ ಪಕ್ಷಕ್ಕೆ ೧೬೨, ಎದುರು ಪಕ್ಷಕ್ಕೆ ೨೦೬ ಬಂದುವು. ಸೂಚನೆಯು ಬಿದ್ದುಹೋಯಿತು.

ಬಿದ್ದುಹೋದ ಸೂಚನೆಯನ್ನು ಡಂಕಂಬನು ಎಂಟೇ ದಿನಗಳಲ್ಲಿ, ಜುಲೈ ೨ರಂದು, ಮತ್ತೆ ಎತ್ತಿದನು. ಈ ಸಲ ಮಂತ್ರಿಯೇ ಬಾಗಬೇಕಾಯಿತು. ಹೊರಗಿನ ಗದ್ದಲವನ್ನು ತಾಳಲಾರದೆ, ರಹಸ್ಯವಾಗಿ ವಿಚಾರಿಸುವ ಸಮಿತಿಯೊಂದನ್ನು ನೇಮಿಸಬಹುದೆಂದು ಗ್ರಹಾಮನೇ ಸೂಚಿಸಿದನು. ಲಾರ್ಡ್ಸ್ ಸಭೆಯಲ್ಲಿಯೂ ಅಂಥದೇ ಸಮಿತಿಯಾಯಿತು. ಆದರೆ ದೂರನ್ನು ತಂದ ಡಂಕಂಬನಿಗೆ ಸಮಿತಿಯಲ್ಲಿ ಸ್ಥಾನವನ್ನು ಕೊಡಲಿಲ್ಲ.

೫

ಈ ಚರ್ಚೆಗಳು ನಡೆಯುತ್ತಿದ್ದಾಗಲೇ ಇಟಲಿಯ ದಕ್ಷಿಣತೀರದಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ದುರಂತವು ನಡೆಯಿತು. ಅತ್ತೀಲಿಯೋ ಮತ್ತು ಎಮೀಲಿಯೋ ಬಾಂದಿಯೇರಾ ಎಂಬ ಸೋದರರು ವೆನಿಸಿನವರು; ಆಸ್ಟ್ರಿಯಾದ ನೌಕಾಸೈನ್ಯದಲ್ಲಿ ಅಧಿಕಾರಿಗಳಾಗಿದ್ದು ಅದನ್ನು ತೊರೆದು ಕಾರ್ಫೂ ದ್ವೀಪದಲ್ಲಿ ಆಶ್ರಯ ಪಡೆದಿದ್ದವರು. ಮ್ಯಾಜಿನಿಯೊಡನೆ ಅವರಿಗೆ ಪತ್ರವ್ಯವಹಾರವಿದ್ದಿತು. ಕಲಾಬ್ರಿಯಾ ಪ್ರಾಂತದಲ್ಲಿ ಜನರು ದಂಗೆಯೆದ್ದಿದ್ದಾರೆಂಬ ಸುದ್ದಿಯನ್ನು ನಂಬಿ, ಸುಮಾರು ಇಪ್ಪತ್ತು ಮಂದಿ ಸಂಗಡಿಗರೊಡನೆ ಅವರು ಹಡಗು ಹತ್ತಿದರು. ಡಂಕಂಬನು ಮನವಿಯನ್ನು ಒಪ್ಪಿಸಿದ ಜೂನ್ ೧೪ರಂದು ಅವರು ಸಮುದ್ರದ ಮೇಲಿದ್ದರು. ಜೂನ್ ೧೬ರಂದು ದಡಕ್ಕಿಳಿದರು. ದಂಗೆಯು ಅಲ್ಲಿರಲಿಲ್ಲ. ಅವರಲ್ಲೊಬ್ಬನೇ ದ್ರೋಹ ಬಗೆದು ಅಧಿಕಾರಿಗಳಿಗೆ ಸುದ್ದಿ ಕೊಟ್ಟನು. ಜುಲೈ ೨೫ರಂದು ಕೋಸೆನ್ಸಾ ಪಟ್ಟಣದ ಹತ್ತಿರ ಸೋದರರಿಬ್ಬರನ್ನೂ ಸೇರಿಸಿ ಒಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದರು.

ವಿದೇಶಾಂಗ ಮಂತ್ರಿಯಾದ ಲಾರ್ಡ್ ಅಬರ್ಡೀನನು ಜುಲೈ ತಿಂಗಳ ಆರಂಭದಲ್ಲಿ ಲಾರ್ಡ್ಸ್ ಸಭೆಯಲ್ಲಿ ನಿಂತು, ಆ ಕಾಗದಗಳಲ್ಲಿನ ಒಂದಕ್ಷರವನ್ನಾದರೂ ಯಾವ ಪರರಾಜ್ಯಕ್ಕೂ ತೋರಿಸಿಲ್ಲವೆಂದು ಹೇಳಿದ್ದನು. ಆಗಸ್ಟ್ ತಿಂಗಳಲ್ಲಿ ಸಮಿತಿಗಳ ವರದಿಯು ಹೊರಬಿದ್ದಿತು. ಮ್ಯಾಜಿನಿಯ ಕಾಗದಗಳ ಮೇಲಿನ ವಾರಂಟು ೧೮೪೪ರ ಮಾರ್ಚ್ ೧ರಂದು ಹೊರಟು ಜೂನ್ ೩ರಂದು ರದ್ದಾಯಿತೆಂದೂ, ಕಾಗದಗಳಿಂದ ತಿಳಿದ ಸಂಗತಿಗಳ ಸಾರವನ್ನು ಪರರಾಜ್ಯವೊಂದಕ್ಕೆ ತಿಳಿಸಲಾಯಿತೆಂದೂ ಅದರಲ್ಲಿ ಕಂಡಿತು. ಕಾಗದವನ್ನು ತೋರಿಸಲಿಲ್ಲ, ಕಾಗದದ ಸಾರವನ್ನು ಹೇಳಿದೆವು ಎಂಬುದು ಇದರ ಅರ್ಥ. ಶಬ್ದಕ್ಕೆ ಸತ್ಯವಾಗಿದ್ದು ಅರ್ಥಕ್ಕೆ ಅಸತ್ಯವಾಗುವ ವಾಕ್ಯಕ್ಕೆ 'ಅಶ್ವತ್ಥಾಮೋ ಹತಃ' ಎಂಬ ಭಾರತದ ಪ್ರಸಂಗದ ಮುಂದೆ ಇದನ್ನೂ ನಿದರ್ಶನವಾಗಿ ಇಡಬಹುದು.

ಬಾಂದಿಯೇರಾ ಸೋದರರ ಮರಣಕ್ಕೆ ಲಂಡನ್ನಿನಲ್ಲಿ ತೆರೆದ ಕಾಗದಗಳೇ ಕಾರಣವೆಂದು ಅಂದು ಅನೇಕರು ನಂಬಿದರು. ಕಾರ್ಯಕಾರಣಗಳನ್ನು ಎಚ್ಚರದಿಂದ ನೋಡುವ ಇತಿಹಾಸಕಾರರು ಅಷ್ಟು ದೂರ ಹೋಗುವುದಿಲ್ಲ. ಅವರು ಇಳಿದ ಸ್ಥಳವನ್ನೂ ದಿನವನ್ನೂ ಕಾಗದಗಳು ತಿಳಿಸಿದುವೆಂದು ಸಿದ್ಧವಾಗಿಲ್ಲ. ಸಂಗಡಿಗನ ದ್ರೋಹವು ಮಾತ್ರ ಸಿದ್ಧವಾಗಿದೆ. ಆದರೂ ತನ್ನ ನೆಲದಲ್ಲಿ ಆಶ್ರಯ ಪಡೆದವನ ಮನೆಯ ಕಾಗದವನ್ನು ಓದಿ, ಅವನ ಶತ್ರುವಿಗೆ ಅದರ ಸುಳಿವನ್ನು ಕೊಟ್ಟ ರಾಜ್ಯವು ತಾನು ನಿರ್ದೋಷಿಯೆಂದು ಹೇಳಿಕೊಳ್ಳಲಾರದು. ಶರಣಾಗತರಕ್ಷಣೆಯನ್ನು ರಾಜಧರ್ಮದ ಶಿಖರವೆಂದು ಹಾಡಿದ ಸಾಹಿತ್ಯವನ್ನೋದಿದವರಿಗೆ ಈ ತಪ್ಪಿನ ಭಾರವು ವಿವರಿಸಬೇಕಾದುದಲ್ಲ.

ವರದಿಯಲ್ಲಿದ್ದ ಇತರ ಸಂಗತಿಗಳೂ ಅಷ್ಟೇ ಮುಖ್ಯವಾದುವು. ೧೭೯೯ರಿಂದ ೧೮೪೪ರ ವರೆಗೆ ಹೊರಟ ವಾರಂಟುಗಳು ೩೭೨, ಎಂದರೆ ವರ್ಷಕ್ಕೆ ಸರಾಸರಿ ಎಂಟಕ್ಕಿಂತ ಸ್ವಲ್ಪ ಹೆಚ್ಚು. ಎರಡು ಪಕ್ಷಗಳ ಗೃಹಮಂತ್ರಿಗಳೂ ಈ ಅಧಿಕಾರವನ್ನು ಉಪಯೋಗಿಸಿದ್ದರು. ಎದುರು ಪಕ್ಷದ ಪ್ರಮುಖರು ಕಾಯಿದೆಯನ್ನು ತೊಡೆದುಹಾಕುವುದಕ್ಕೆ ಮುಂದೆ ಬಾರದಿದ್ದುದರ ಕಾರಣವು ಇಲ್ಲಿಯೇ ಸಿಕ್ಕುತ್ತದೆ. ಗ್ರಹಾಮನ ಕೈಯನ್ನು ಕಟ್ಟಿದರೆ ನಾಳೆ ತಮ್ಮ ಕೈಯೂ ಕಟ್ಟಿದಂತೆಯೇ.

೬

ಮನವಿಯಿಂದ ಆದ ಫಲವನ್ನು ಈಗ ಲೆಕ್ಕ ಹಾಕಬಹುದು. ಕಾಯಿದೆಯ ದೃಷ್ಟಿಯಿಂದ ಮನವಿದಾರರು ಸೋತರು. ಅಧಿಕಾರವನ್ನು ರದ್ದುಗೊಳಿಸಬೇಕೆಂದು ಸಮಿತಿಗಳು ಹೇಳಲಿಲ್ಲ. ೧೮೪೫ರ ಫೆಬ್ರವರಿಯಲ್ಲಿ ಡಂಕಂಬನು ತನ್ನ ಕಾಗದಗಳೂ ತೆರೆಯಲ್ಪಟ್ಟಿವೆಯೆಂದು ದೂರಿ ಮತ್ತೆ ವಿಚಾರಣೆಯನ್ನು ಕೋರಿದನು, ಅದೂ ಫಲಿಸಲಿಲ್ಲ. ಆ ವರ್ಷ ಮ್ಯಾಜಿನಿಯು ಗ್ರಹಾಮನನ್ನು ಸಂಬೋಧಿಸಿ ಇಟಲಿ, ಆಸ್ಟ್ರಿಯಾ ಮತ್ತು ಪೋಪರ ವಿಚಾರವಾಗಿ ಒಂದು ಬಹಿರಂಗ ಪತ್ರವನ್ನು ಅಚ್ಚುಹಾಕಿಸಿದನು. ಸಭೆಯಲ್ಲಿ ಮ್ಯಾಜಿನಿಯ ಮೇಲೆ ಕೊಲೆಯ ಸಂಬಂಧವನ್ನು ಹೊರಿಸಿ ಆಡಿದ್ದ ಮಾತನ್ನು ಮಾತ್ರ ಗ್ರಹಾಮನು ೧೮೪೫ರಲ್ಲಿ ಅದೇ ಸಭೆಯಲ್ಲಿ ಹಿಂತೆಗೆದುಕೊಳ್ಳಬೇಕಾಯಿತು.

ಆಚಾರದ ದೃಷ್ಟಿಯಿಂದ ಫಲವು ಬೇರೆಯಾಯಿತು. ಟಪ್ಪಾಲಿನ ಗುಪ್ತಶಾಖೆಯೂ ವಿಲ್ಲೆಸರ ಗೂಢಲಿಪಿಶಾಖೆಯೂ ೧೮೪೪ರಲ್ಲಿ ಮುಚ್ಚಿಹೋದುವು. ೧೯೧೪ರ ಮಹಾಯುದ್ಧದ ವರೆಗೆ ಇಂಗ್ಲೆಂಡಿನಲ್ಲಿ ಪರರ ಗೂಢಲಿಪಿಯನ್ನು ಬಿಡಿಸುವ ಅಂಥ ಕಚೇರಿಯು ಮತ್ತೆ ಏಳಲಿಲ್ಲ. ಸಭೆಯು ೨೦೬ ಮತಗಳಿಂದ ತಳ್ಳಿಹಾಕಿದ ಮಾತನ್ನು ಸರ್ಕಾರವು ಸದ್ದಿಲ್ಲದೆ ಅರ್ಧ ಒಪ್ಪಿಕೊಂಡಿತು.

ಉಳಿದ ಅರ್ಧವು ನೂರಾನಲವತ್ತು ವರ್ಷ ಬಾಕಿಯಿದ್ದಿತು. ಕಾಗದದಿಂದ ಟೆಲಿಫೋನಿಗೆ ಅಧಿಕಾರವು ಹಬ್ಬಿದ ಮೇಲೆ ೧೯೫೭ರಲ್ಲಿ ಲಾರ್ಡ್ ಬಿರ್ಕೆಟ್ಟನ ಸಮಿತಿಯು ಈ ಚರಿತ್ರೆಯನ್ನೆಲ್ಲ ಮತ್ತೆ ಪರಿಶೀಲಿಸಿತು. ಮೆಲೋನ್ ಎಂಬುವನ ಮೊಕದ್ದಮೆಯಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಸ್ಥಾನವು ೧೯೮೪ರಲ್ಲಿ, ಇಂಗ್ಲೆಂಡಿನಲ್ಲಿ ಈ ಅಧಿಕಾರದ ಎಲ್ಲೆಯು ಕಾನೂನಿನಲ್ಲಿ ಸ್ಪಷ್ಟವಾಗಿಲ್ಲವೆಂದು ತೀರ್ಮಾನಿಸಿತು. ಅದರ ಫಲವಾಗಿ ೧೯೮೫ರಲ್ಲಿ ಪಾರ್ಲಿಮೆಂಟು ಮೊದಲ ಬಾರಿಗೆ ಪ್ರತ್ಯೇಕವಾದ ಕಾಯಿದೆಯನ್ನು ಮಾಡಿತು.

ನಾಲ್ಕು ಸಹಿಗಳ ಮನವಿಗೆ ಇಷ್ಟು ಶಕ್ತಿಯು ಬಂದುದು ಹೇಗೆ? ೩೩ ಲಕ್ಷ ಸಹಿಗಳ ಚಾರ್ಟಿಸ್ಟ್ ಮನವಿಯನ್ನು ಸಭೆಯು ಸುಲಭವಾಗಿ ತಳ್ಳಿಹಾಕಿದ್ದಿತು. ಈ ಸಣ್ಣ ಮನವಿಯನ್ನು ತಳ್ಳಿಹಾಕಿಯೂ ದೂರವಿಡಲಾಗಲಿಲ್ಲ. ಮೊದಲನೆಯದಾಗಿ ಇದರಲ್ಲಿ ಪ್ರಮಾಣವಿದ್ದಿತು. ಗಸಗಸೆಯ ಕಾಳನ್ನು ವಾಗ್ಮಿತೆಯಿಂದ ಅಲ್ಲಗಳೆಯಲಾಗದು. ಎರಡನೆಯದಾಗಿ, ಪ್ರಾರ್ಥನೆಯು ಸ್ಪಷ್ಟವಾಗಿದ್ದಿತು. ಮಂತ್ರಿಯು ಹೌದೆನ್ನಬೇಕು, ಇಲ್ಲವೆನ್ನಬೇಕು, ಇಲ್ಲವೇ ಹೇಳಲಾರೆನೆನ್ನಬೇಕು. ಅವನು ಹೇಳಲಾರೆನೆಂದನು, ಆ ಮೌನವೇ ದೇಶಕ್ಕೆಲ್ಲ ಉತ್ತರವಾಯಿತು. ಮೂರನೆಯದಾಗಿ, ಪ್ರತಿನಿಧಿಯು ಒಂದು ಸೋಲಿಗೆ ಕೈಚೆಲ್ಲಲಿಲ್ಲ. ಇವೆಲ್ಲಕ್ಕೂ ಮಿಗಿಲಾದ ಕಾರಣವೊಂದುಂಟು. ರಹಸ್ಯವಾದ ಅಧಿಕಾರಕ್ಕೆ ರಹಸ್ಯವೇ ಪ್ರಾಣ. ಬಹಿರಂಗವಾದ ಸಭೆಯಲ್ಲಿ ಅದರ ಹೆಸರನ್ನೆತ್ತಿದ ಕ್ಷಣದಲ್ಲಿಯೇ, ಮತಗಣನೆಗೆ ಮುಂಚೆಯೇ, ಅದರ ಬಲದಲ್ಲಿ ಒಂದಂಶವು ಕುಂದುತ್ತದೆ.

೭

ಭಾರತದಲ್ಲಿ ಇದೇ ಅಧಿಕಾರವು ೧೮೮೫ರ ತಂತಿ ಕಾಯಿದೆಯ ೫ನೆಯ ಪ್ರಕರಣದಲ್ಲಿಯೂ ೧೮೯೮ರ ಅಂಚೆ ಕಚೇರಿ ಕಾಯಿದೆಯ ೨೬ನೆಯ ಪ್ರಕರಣದಲ್ಲಿಯೂ ಬಂದು ಸೇರಿತು. ಡಂಕಂಬನಂತೆ ಎದ್ದುನಿಂತು ಕೇಳಿ ಉತ್ತರ ಪಡೆಯಬಲ್ಲ ಪ್ರಜಾಪ್ರತಿನಿಧಿಸಭೆಯು ಆಗ ಇಲ್ಲಿರಲಿಲ್ಲ. ಅದರ ಕೊರತೆಯು ೧೯೧೯ರಲ್ಲಿ ಎಲ್ಲರಿಗೂ ಕಂಡಿತು. ವಿಚಾರಣೆಯಿಲ್ಲದೆ ಬಂಧಿಸುವುದಕ್ಕೂ, ಸಂದೇಹಕ್ಕೊಳಗಾದವರ ವಾಸಸ್ಥಳವನ್ನೂ ನಡೆನುಡಿಯನ್ನೂ ಪೊಲೀಸರ ಕಣ್ಣಿನಲ್ಲಿಡುವುದಕ್ಕೂ ಅವಕಾಶ ಕೊಟ್ಟ ರೌಲಟ್ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಚುನಾಯಿತರಾದ ಭಾರತೀಯ ಸದಸ್ಯರೆಲ್ಲರೂ ವಿರೋಧಿಸಿದರು. ಸರ್ಕಾರವು ತನ್ನ ನಿಯುಕ್ತ ಸದಸ್ಯರ ಬಲದಿಂದ ಅದನ್ನು ಅಂಗೀಕರಿಸಿಕೊಂಡಿತು. ಮದನಮೋಹನ ಮಾಳವೀಯ, ಜಿನ್ನಾ ಮೊದಲಾದವರು ಸ್ಥಾನಗಳನ್ನೇ ಬಿಟ್ಟು ಹೊರಬಂದರು. ಸಭೆಯಲ್ಲಿ ಫಲಿಸದ ಮಾತು ಬೀದಿಗೆ ಬಂದಿತು. ಮುಂದೆ ನಡೆದುದನ್ನು ಹೇಳಬೇಕಾಗಿಲ್ಲ. ಬಳಕೆಗೆ ಬಾರದೆಯೇ ಉಳಿದ ಆ ಕಾಯಿದೆಯು ೧೯೨೨ರಲ್ಲಿ ರದ್ದಾಯಿತು.

ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸುವಾಗ ಪತ್ರವ್ಯವಹಾರದ ಗೋಪ್ಯವನ್ನು ಮೂಲಭೂತ ಹಕ್ಕನ್ನಾಗಿ ಮಾಡಬೇಕೆಂಬ ವಿಚಾರವು ಕರಡುಗಳಲ್ಲಿ ಬಂದಿತ್ತು. ೧೯೪೭ರಲ್ಲಿ ಸೋಮನಾಥ ಲಾಹಿರಿಯವರು ಸಂವಿಧಾನಸಭೆಯಲ್ಲಿ ಇದನ್ನು ಎತ್ತಿದರು. ಅದು ಅಂಗೀಕಾರವಾಗಲಿಲ್ಲ. ಆದರೆ ೧೯೮೬ರಲ್ಲಿ ಅಂಚೆಯ ಕಾಗದಗಳನ್ನು ತಡೆಯುವ ಅಧಿಕಾರವನ್ನು ವಿಸ್ತರಿಸುವ ತಿದ್ದುಪಡಿಯ ಮಸೂದೆಯು ಎರಡು ಸಭೆಗಳಲ್ಲಿ ಅಂಗೀಕೃತವಾದರೂ, ರಾಷ್ಟ್ರಪತಿ ಜ್ಞಾನಿ ಜೈಲ್‌ಸಿಂಗರು ಅದಕ್ಕೆ ಒಪ್ಪಿಗೆಯನ್ನು ಕೊಡಲಿಲ್ಲ. ಅದು ಎಂದೂ ಕಾಯಿದೆಯಾಗಲಿಲ್ಲ. ಟೆಲಿಫೋನಿನ ಮಾತನ್ನು ಕದ್ದು ಕೇಳುವುದಕ್ಕೆ ಸುಪ್ರೀಂ ಕೋರ್ಟು ೧೯೯೬ರಲ್ಲಿ ನಿಯಮಗಳನ್ನು ವಿಧಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ಇಳಿವಯಸ್ಸಿನಲ್ಲಿ, ೨೦೧೨ರಲ್ಲಿ, ಹೂಡಿದ ದಾವೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಸಂವಿಧಾನಸಭೆಯು ಬರೆಯದೆ ಬಿಟ್ಟುದನ್ನು ಎಪ್ಪತ್ತು ವರ್ಷಗಳ ಮೇಲೆ ನ್ಯಾಯಸ್ಥಾನವು ಸಂವಿಧಾನದಲ್ಲಿಯೇ ಅಡಕವಾಗಿದೆಯೆಂದು ಓದಿ ಹೇಳಿದಂತಾಯಿತು.

ಆ ತೀರ್ಪಿನಲ್ಲಿಯೂ ಹಕ್ಕು ನಿರಂಕುಶವೆಂದು ಹೇಳಿಲ್ಲ. ರಾಜ್ಯವು ಅದರೊಳಗೆ ಪ್ರವೇಶಿಸಬೇಕಾದರೆ ಕಾನೂನು ಇರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಪ್ರವೇಶವು ಉದ್ದೇಶಕ್ಕೆ ತಕ್ಕಷ್ಟೇ ಆಗಿರಬೇಕು ಎಂಬುದು ಅದರ ನಿಯಮ. ಕಾನೂನನ್ನು ಮಾಡುವವರು ಪ್ರತಿನಿಧಿಗಳು. ಆದುದರಿಂದ ದಾರಿಯು ಸುತ್ತಿ ಬಂದು ಮತ್ತೆ ಅವರ ಬಾಗಿಲಿಗೇ ಸೇರುತ್ತದೆ. ೧೮೯೮ರ ಅಂಚೆ ಕಾಯಿದೆಯ ಸ್ಥಾನದಲ್ಲಿ ೨೦೨೩ರ ಅಂಚೆ ಕಚೇರಿ ಕಾಯಿದೆಯೂ, ತಂತಿ ಕಾಯಿದೆಗೆ ಬದಲಾಗಿ ೨೦೨೩ರ ದೂರಸಂಪರ್ಕ ಕಾಯಿದೆಯೂ ಬಂದಿವೆ. ಕಾಗದವನ್ನೂ ಮಾತನ್ನೂ ತಡೆದು ನೋಡುವ ಅಧಿಕಾರವು ಎರಡರಲ್ಲಿಯೂ ಮುಂದುವರಿದಿದೆ.

ಕೌಟಿಲ್ಯನು ಅರಸನಿಗೆ ಕಣ್ಣುಗಳನ್ನು ಕೊಟ್ಟನು. ಆ ಕಣ್ಣು ತನ್ನ ಮೇಲೆ ಬಿದ್ದಿತೆಂದು ಪ್ರಜೆಯು ಕೇಳುವ ಸ್ಥಾನವನ್ನು ಅವನ ಶಾಸ್ತ್ರವು ಕಲ್ಪಿಸಲಿಲ್ಲ. ಆ ಸ್ಥಾನವು ಬಹಳ ಕಾಲದ ಮೇಲೆ, ಬಹಳ ಕಷ್ಟದಿಂದ ಏರ್ಪಟ್ಟಿತು. ಏರ್ಪಟ್ಟ ಮೇಲೂ ಅಲ್ಲಿ ಹೋಗಿ ಕೇಳುವವರಿಲ್ಲದೆ ನೂರಾರು ವರ್ಷ ಬರಿದಾಗಿದ್ದುದೂ ಉಂಟು. ೧೮೪೪ರಲ್ಲಿ ಒಬ್ಬ ಮರಗೆಲಸದವನೂ, ಒಬ್ಬ ಅಚ್ಚು ಕೆತ್ತುವವನೂ, ಇಬ್ಬರು ಪರದೇಶಿಗಳೂ ಅಲ್ಲಿಗೆ ಹೋಗಿ ಕೇಳಿದರು. ಅವರಿಗೆ ಸಿಕ್ಕಿದ ಉತ್ತರವು ಅಪೂರ್ಣವಾದುದು. ಕೇಳಿದ ಪ್ರಶ್ನೆಯು ಮಾತ್ರ ಅಂದಿನಿಂದ ಸಭೆಯ ಕಾರ್ಯಕಲಾಪಗಳ ಪುಸ್ತಕದಲ್ಲಿ ಅಳಿಯದೆ ಉಳಿದಿದೆ.